ಗುಂಡು ತಗುಲಲಿಲ್ಲ, ಆದರೆ ನಾವೂ ಅಲ್ಲಿದ್ದೆವು

ಕಳೆದ ವಾರ ಅಂಚೆಯಲ್ಲಿ ಒಂದು ಚೆಕ್ ಬಂತು. ಮಗನ ಕೌನ್ಸೆಲಿಂಗ್‌ಗೆ ನಾವು ಕೈಯಿಂದ ಕಟ್ಟಿದ್ದರಲ್ಲಿ ಬಾಕಿ ಉಳಿದಿದ್ದ 640 ಡಾಲರ್. ಅಲ್ಲಿಗೆ ನಮ್ಮ ಪರಿಹಾರದ ಫೈಲ್ ಮುಚ್ಚಿತು. 2022ರ ಜುಲೈ 4ರಂದು ಅಮೆರಿಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಮೆರವಣಿಗೆಯ ಮೇಲೆ ಗುಂಡಿನ ದಾಳಿ ಆದಾಗ ನಾವು ಅಲ್ಲಿದ್ದೆವು. ಅಂದಿನಿಂದ ಲೆಕ್ಕ ಹಾಕಿದರೆ ಮೂರು ವರ್ಷ ದಾಟಿದೆ. ಇಷ್ಟು ದಿನ ಬರೆಯಲು ಮನಸ್ಸಾಗಿರಲಿಲ್ಲ. ಈಗ ಬರೆಯುತ್ತಿರುವುದು ಯಾಕೆಂದರೆ, ಇಂಥ ದಾಳಿಯಲ್ಲಿ ಸಿಕ್ಕಿಕೊಂಡು ಗಾಯವಿಲ್ಲದೆ ಮನೆಗೆ ಬಂದವರು ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಆಗ ನಾನು ಕನ್ನಡದಲ್ಲಿ ಹುಡುಕಿದ್ದೆ. ಏನೂ ಸಿಕ್ಕಿರಲಿಲ್ಲ.

ಹೈಲ್ಯಾಂಡ್ ಪಾರ್ಕ್ ಅಂದರೆ ಶಿಕಾಗೋದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್, ಮಿಷಿಗನ್ ಸರೋವರದ ದಂಡೆಯಲ್ಲಿರುವ 30,000 ಜನರ ಊರು. ನಾವಿರುವುದು ಅದರ ಪಕ್ಕದ ಊರಿನಲ್ಲಿ. ಅಮ್ಮ ಮಾರ್ಚ್‌ನಲ್ಲಿ ಮೈಸೂರಿನಿಂದ ಬಂದಿದ್ದರು. ಅಮೆರಿಕದ ಸ್ವಾತಂತ್ರ್ಯ ದಿನದ ಮೆರವಣಿಗೆ ನೋಡಲಿ ಅಂತ ನಾನೇ ಕರೆದುಕೊಂಡು ಹೋದೆ. ಸೆಂಟ್ರಲ್ ಅವೆನ್ಯೂ ಅನ್ನುವ ರಸ್ತೆಯ ಎರಡೂ ಕಡೆ ಜನ ಬೆಳಿಗ್ಗೆಯೇ ಮಡಚುವ ಕುರ್ಚಿ ಹಾಕಿಕೊಂಡು ಜಾಗ ಹಿಡಿದಿದ್ದರು. ಅಮ್ಮನಿಗೆ ಬಹಳ ಖುಷಿಯಾಯಿತು. ಸಯ್ಯಾಜಿರಾವ್ ರಸ್ತೆಯಲ್ಲಿ ಚಾಪೆ ಹಾಸಿ, ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದವರು ಅವರು. "ನಮ್ಮ ಜಂಬೂ ಸವಾರಿ ಥರಾನೇ ಅಲ್ವೇನೇ, ಆನೆ ಒಂದಿಲ್ಲ ಅಷ್ಟೆ" ಅಂದರು.

ಹತ್ತು ಗಂಟೆ ದಾಟಿ ಸುಮಾರು ಹದಿನೈದು ನಿಮಿಷ. ಪಟಪಟ ಸದ್ದು ಬಂತು. ಹಬ್ಬದ ದಿನ ಅಲ್ವಾ, ಪಟಾಕಿ ಅಂದುಕೊಂಡೆವು. ಬ್ಯಾಂಡಿನ ಹುಡುಗರು ವಾದ್ಯ ಹಿಡಿದೇ ಓಡಿ ಬಂದಾಗ ಗೊತ್ತಾಯಿತು. ಒಬ್ಬ ಯುವಕ ಅಂಗಡಿಯೊಂದರ ಮೇಲ್ಛಾವಣಿಯಿಂದ ಒಂದು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ 83 ಗುಂಡು ಹಾರಿಸಿದ್ದ. 7 ಜನ ಸತ್ತರು, 48 ಜನ ಗಾಯಗೊಂಡರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ನಾಲ್ಕು ವರ್ಷದ ಮಗನನ್ನು ಸೊಂಟಕ್ಕೆ ಹಾಕಿಕೊಂಡು, ಅಮ್ಮನ ಕೈ ಎಳೆದುಕೊಂಡು ಓಡುತ್ತಿದ್ದೆ. ಅಮ್ಮನ ಒಂದು ಚಪ್ಪಲಿ ದಾರಿಯಲ್ಲೇ ಬಿತ್ತು. ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು ಮನೆಯ ಗ್ಯಾರೇಜ್ ಬಾಗಿಲು ಎತ್ತಿ "ಒಳಗೆ ಬನ್ನಿ, ಒಳಗೆ ಬನ್ನಿ" ಅಂತ ಕೂಗುತ್ತಿದ್ದರು. ಅವರ ಬೇಸ್‌ಮೆಂಟ್‌ನಲ್ಲಿ ಹದಿನಾಲ್ಕು ಜನ ಸಂಜೆಯವರೆಗೆ ಕುಳಿತಿದ್ದೆವು. ಹಂತಕ ಇನ್ನೂ ಸಿಕ್ಕಿರಲಿಲ್ಲ, ಯಾರೂ ಹೊರಗೆ ಬರಬೇಡಿ ಅಂತ ಫೋನಿಗೆ ಮತ್ತೆ ಮತ್ತೆ ಸಂದೇಶ ಬರುತ್ತಿತ್ತು.

ಮನೆಗೆ ಬಂದ ಮೇಲೆ ಅಮ್ಮನಿಗೆ ನೆನಪಾಯಿತು. ಅವರ ಕೈಚೀಲ ಅಲ್ಲೇ ಉಳಿದಿದೆ. ಅದರಲ್ಲಿ ಬಿಪಿ ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್. ವಾಪಸು ಟಿಕೆಟ್ ಇದ್ದದ್ದು ಆಗಸ್ಟ್ 28ಕ್ಕೆ.

ಮೊದಲ ಓಡಾಟ ಶುರುವಾದದ್ದು ಈ ಚೀಲಕ್ಕಾಗಿ. ರಸ್ತೆಯ ಉದ್ದಕ್ಕೂ ನೂರಾರು ಕುರ್ಚಿ, ಮಕ್ಕಳ ಗಾಡಿ, ಸೈಕಲ್, ನೀರಿನ ಬಾಟಲಿ ಬಿದ್ದಿದ್ದವು. ಆದರೆ ಅದು ತನಿಖೆಯ ಜಾಗ, ಯಾರನ್ನೂ ಬಿಡುವುದಿಲ್ಲ. ಬಿಟ್ಟುಹೋದ ಸಾಮಾನನ್ನು ಎಫ್‌ಬಿಐನವರು ಒಟ್ಟುಮಾಡಿ ವಾರಸುದಾರರಿಗೆ ಕೊಡುವ ವ್ಯವಸ್ಥೆ ಮಾಡಿದರು. ಊರಿನ ಹೈಸ್ಕೂಲಿನಲ್ಲಿ ಸಹಾಯ ಕೇಂದ್ರ ತೆರೆದಿದ್ದರು. ಅಲ್ಲಿ ಚೀಲದ ಬಣ್ಣ, ಒಳಗೆ ಏನೇನಿತ್ತು, ನಾವು ಯಾವ ಕಡೆ ಕುಳಿತಿದ್ದೆವು ಎಲ್ಲ ಬರೆದು ಕೊಟ್ಟೆ. ಚೀಲ ಕೈಗೆ ಬಂದಾಗ ಹತ್ತು ದಿನ ಆಗಿತ್ತು. ಅಮ್ಮ ಅದನ್ನು ಮನೆಯೊಳಗೆ ತರಲು ಬಿಡಲಿಲ್ಲ. ಪಾಸ್‌ಪೋರ್ಟ್, ಕನ್ನಡಕ ತೆಗೆದುಕೊಂಡು ಚೀಲವನ್ನು ಹೊರಗಡೆಯೇ ಇಡಿಸಿದರು.

ಅಪ್ಪ ಅಮ್ಮನನ್ನು ಕರೆಸಿಕೊಂಡವರು ಒಂದು ಕೆಲಸ ಇವತ್ತೇ ಮಾಡಿ. ಅವರ ಪಾಸ್‌ಪೋರ್ಟ್, ವೀಸಾ, ಮಾತ್ರೆ ಚೀಟಿ ಮೂರರ ಫೋಟೋ ನಿಮ್ಮ ಫೋನಿನಲ್ಲಿರಲಿ. ನನ್ನ ಬಳಿ ಚೀಟಿಯ ಫೋಟೋ ಇದ್ದದ್ದಕ್ಕೆ ಮಾರನೆಯ ದಿನವೇ ಒಬ್ಬ ಡಾಕ್ಟರು ಅದೇ ಮಾತ್ರೆಗೆ ಇಲ್ಲಿನ ಚೀಟಿ ಬರೆದುಕೊಟ್ಟರು. ಊರು ಸುತ್ತಲು ಹೋಗುವಾಗ ಪಾಸ್‌ಪೋರ್ಟ್ ಬ್ಯಾಗಿನಲ್ಲಿ ಬೇಕಾಗಿಲ್ಲ. ಆ ತಪ್ಪು ನನ್ನದು.

ಆ ಹೈಸ್ಕೂಲಿನಲ್ಲೇ ಕೌನ್ಸೆಲರ್‌ಗಳು ಇದ್ದರು. ದೊಡ್ಡ ಹಾಲ್, ದುಂಡು ಮೇಜುಗಳು, ನೀರು, ಬಿಸ್ಕೆಟ್, ಟಿಶ್ಯೂ ಪೇಪರ್. ಜನರನ್ನು ಸಮಾಧಾನ ಮಾಡಲೆಂದೇ ತರಬೇತಿ ಕೊಟ್ಟ ಗೋಲ್ಡನ್ ರಿಟ್ರೀವರ್ ನಾಯಿಗಳು. ಯಾವ ಕಾಗದವನ್ನೂ ಕೇಳುತ್ತಿರಲಿಲ್ಲ, ಹಣವೂ ಇಲ್ಲ. ಆದರೂ ನಾನು ಚೀಲದ ಫಾರಂ ಕೊಟ್ಟು ವಾಪಸು ಹೊರಟಿದ್ದೆ. ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಹೆಂಗಸು "ಯಾರ ಜೊತೆಗಾದರೂ ಮಾತಾಡಿದಿರಾ?" ಅಂತ ಕೇಳಿದರು. ನಾನು ಹೇಳಿದೆ, ಇಲ್ಲ, ನಮಗೇನೂ ಆಗಿಲ್ಲ, ಗಾಯ ಆದವರಿಗೆ ನಿಮ್ಮ ಸಮಯ ಕೊಡಿ. ಅವರು ನನ್ನ ಕೈ ನೋಡಿದರು. ಕಾರಿನ ಕೀ ಹಿಡಿದ ಕೈ ನಡುಗುತ್ತಿತ್ತು. "ನೀವು ಅಲ್ಲಿದ್ದಿರಿ ಅಲ್ಲವೇ? ಅಷ್ಟು ಸಾಕು. ಬನ್ನಿ, ಕೂತ್ಕೊಳ್ಳಿ" ಅಂದರು.

ಈ "ನಮಗೇನೂ ಆಗಿಲ್ಲ" ಅನ್ನುವ ಮಾತು ನಮ್ಮನ್ನು ಎಷ್ಟು ತಡೆಯಿತು ಅಂತ ಈಗ ಅರ್ಥ ಆಗುತ್ತಿದೆ. ಪಕ್ಕದಲ್ಲಿದ್ದವರ ಮನೆಯಲ್ಲಿ ಸಾವಾಗಿದೆ. ಒಬ್ಬ ಮಗು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದೆ. ಅಂಥದ್ದರಲ್ಲಿ ನನಗೆ ನಿದ್ದೆ ಬರುತ್ತಿಲ್ಲ ಅಂತ ಹೋಗಿ ಹೇಳುವುದು ಹೇಗೆ? ನಾಚಿಕೆ ಆಗುತ್ತಿತ್ತು. ನಮ್ಮೂರಿನ ಗೆಳೆಯರು ಕೂಡ ಪ್ರೀತಿಯಿಂದಲೇ "ದೇವರು ದೊಡ್ಡವನು, ಕೂದಲೆಳೆ ಅಂತರದಲ್ಲಿ ಪಾರಾದಿರಿ" ಅನ್ನುತ್ತಿದ್ದರು. ಅದು ನಿಜವೇ. ಆದರೆ ಹಾಗೆ ಹೇಳಿದ ಮೇಲೆ ಮಾತು ಮುಂದೆ ಹೋಗುವುದಿಲ್ಲ. ಪಾರಾದವಳು ಮತ್ತೆ ಅಳುವುದೇನು ಅಂತ ನಾನೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಮಗ ಮಾತಾಡಲಿಲ್ಲ, ಆಟದಲ್ಲಿ ತೋರಿಸಿದ. ಲೆಗೋ ಬೊಂಬೆಗಳನ್ನೆಲ್ಲ ಸೋಫಾ ಕೆಳಗೆ ಸಾಲಾಗಿ ಮಲಗಿಸಿ "ಶ್, ಎದ್ದೇಳಬೇಡಿ" ಅನ್ನುತ್ತಿದ್ದ. ದಿನಾ ಅದೇ ಆಟ. ಅದನ್ನು ನಿಲ್ಲಿಸಬೇಕಾ ಬೇಡವಾ ಅಂತ ಗೊತ್ತಾಗಲಿಲ್ಲ. ಕೌನ್ಸೆಲರ್ ಹೇಳಿದರು, ನಿಲ್ಲಿಸಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ಆಮೇಲೆ ಆ ಬೊಂಬೆಗಳು ಎಲ್ಲಿಗೆ ಹೋಗುತ್ತವೆ ಅಂತ ಕೇಳಿ. ಮೂರನೇ ವಾರ ಬೊಂಬೆಗಳು ಸೋಫಾ ಕೆಳಗಿನಿಂದ ಎದ್ದು ಒಂದು ಗ್ಯಾರೇಜಿಗೆ ಹೋದವು. ಅಲ್ಲಿ ಒಬ್ಬ ಆಂಟಿ ಅವಕ್ಕೆ ಜ್ಯೂಸ್ ಕೊಟ್ಟಳು.

ಅಮ್ಮನದೇ ಕಷ್ಟ. ಅವರಿಗೆ ಇಂಗ್ಲಿಷ್ ಅರ್ಥ ಆಗುತ್ತದೆ, ಆದರೆ ಎದೆಯೊಳಗಿನದನ್ನು ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ. ನಾನು ಅನುವಾದ ಮಾಡಿದರೆ ಮಗಳ ಮುಂದೆ ಏನೂ ಬಿಚ್ಚಿಡುವುದಿಲ್ಲ. ಫೋನಿನಲ್ಲಿ ದುಭಾಷಿ ಕೊಡಿಸುತ್ತೇವೆ ಅಂತ ಒಂದು ಕಡೆ ಹೇಳಿದರು. ಇಪ್ಪತ್ತೈದು ನಿಮಿಷ ಕಾದ ಮೇಲೆ ಲೈನಿಗೆ ಬಂದವರು ತೆಲುಗಿನವರು! ಇನ್ನೊಂದು ದಿನ ಕನ್ನಡದವರೇ ಸಿಕ್ಕರು. ಅವರು ಕೇಳಿದ್ದು "ತಮಗೆ ಆತಂಕದ ಅನುಭವ ಆಗುತ್ತಿದೆಯೇ? ಖಿನ್ನತೆ ಇದೆಯೇ?" ಅಂತ. ಅಮ್ಮ "ಇಲ್ಲಪ್ಪ, ಅಂಥದ್ದೇನೂ ಇಲ್ಲ" ಅಂದುಬಿಟ್ಟರು. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದರು: "ಪಾತ್ರೆ ಬಿದ್ರೆ ಎದೆ ಧಸಕ್ ಅನ್ನುತ್ತೆ. ಹೊಟ್ಟೇಲಿ ಏನೋ ಕಿವುಚಿದ ಹಾಗಾಗುತ್ತೆ. ಊಟ ಗಂಟಲಲ್ಲಿ ಇಳಿಯಲ್ಲ."

ಮುಂದಿನ ಸಲ ಇದನ್ನೇ ಒಂದು ಚೀಟಿಯಲ್ಲಿ ಬರೆದು ಕೌನ್ಸೆಲರ್‌ಗೆ ಮೊದಲೇ ಕೊಟ್ಟೆ. ಆತಂಕ ಅಂತ ಕೇಳಬೇಡಿ, ಎದೆ ಹೇಗಿದೆ, ಹೊಟ್ಟೆ ಹೇಗಿದೆ, ಊಟ ಸೇರುತ್ತಾ ಅಂತ ಕೇಳಿ ಅಂದೆ. ಆವತ್ತು ಅಮ್ಮ ನಲವತ್ತು ನಿಮಿಷ ಮಾತಾಡಿದರು. ನಾನು ಹೊರಗೆ ಕಾರಿನಲ್ಲಿ ಕುಳಿತಿದ್ದೆ. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವಾಗ ಈ ಚೀಟಿಯನ್ನು ಮರೆಯಬೇಡಿ. ದುಭಾಷಿ ಬೇಕು ಅಂತ ಒಂದು ದಿನ ಮುಂಚೆಯೇ ಹೇಳಿ, ಭಾಷೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳಿ, "ಇಂಡಿಯನ್" ಅಂದರೆ ಹಿಂದಿಯವರನ್ನು ಕೊಡುತ್ತಾರೆ. ಅಮೆರಿಕದಲ್ಲಿರುವವರಿಗೆ 1-800-985-5990 ಅಂತ ಒಂದು ಸಹಾಯವಾಣಿ ಇದೆ. ಪ್ರವಾಹ, ಬಿರುಗಾಳಿ, ಗುಂಡಿನ ದಾಳಿ ಇಂಥದ್ದರಲ್ಲಿ ಸಿಕ್ಕವರಿಗೆ ಅಂತಲೇ ಇರುವುದು, ಹಗಲು ರಾತ್ರಿ ನಡೆಯುತ್ತದೆ, 100ಕ್ಕೂ ಜಾಸ್ತಿ ಭಾಷೆಗಳಿಗೆ ದುಭಾಷಿ ವ್ಯವಸ್ಥೆ ಇದೆ.

ಇನ್ನು ಖರ್ಚು. ಸಹಾಯ ಕೇಂದ್ರದಲ್ಲಿ ಎಲ್ಲವೂ ಉಚಿತ, ಆದರೆ ಅದು ಶುರುವಿನ ಆಸರೆ ಮಾತ್ರ. ತಿಂಗಳಾದರೂ ಮಗನಿಗೆ ರಾತ್ರಿ ಕಿರುಚಾಟ ನಿಲ್ಲದಿದ್ದಾಗ ಮಕ್ಕಳ ಥೆರಪಿಸ್ಟ್ ಬೇಕಾಯಿತು. ನಮ್ಮ ಇನ್ಶೂರೆನ್ಸ್ ಪಟ್ಟಿಯಲ್ಲಿದ್ದ ಹನ್ನೊಂದು ಜನರಿಗೆ ಫೋನ್ ಮಾಡಿದೆ. ಇಬ್ಬರು ವಾಪಸು ಮಾತಾಡಿದರು, ಇಬ್ಬರ ಹತ್ತಿರವೂ ಜಾಗ ಇರಲಿಲ್ಲ. ಪಟ್ಟಿಯ ಹೊರಗಿನವರು ಒಬ್ಬರು ಸಿಕ್ಕರು, ಒಂದು ಸಲಕ್ಕೆ 170 ಡಾಲರ್. ವಾರಕ್ಕೊಮ್ಮೆ. ಅಮ್ಮನ ಪ್ರವಾಸಿ ಪಾಲಿಸಿಯಲ್ಲಿ ಮನಸ್ಸಿನ ಚಿಕಿತ್ಸೆಗೆ ಏನೂ ಇರಲಿಲ್ಲ. ಪಾಲಿಸಿ ಮಾಡಿಸುವಾಗ ಯಾರು ಇದನ್ನೆಲ್ಲ ಓದುತ್ತಾರೆ? ಓದಿ ಅಂತ ಈಗ ಹೇಳುತ್ತೇನೆ.

ನಾವಿರುವ ಇಲಿನಾಯ್ ರಾಜ್ಯದಲ್ಲಿ ಅಪರಾಧಕ್ಕೆ ಸಿಕ್ಕವರಿಗೆ ಪರಿಹಾರ ಕೊಡುವ ಯೋಜನೆ ಇದೆ. ಗಾಯ ಆದವರಿಗೆ ಮಾತ್ರ ಅಂದುಕೊಂಡಿದ್ದೆ. ಕಣ್ಣಾರೆ ಕಂಡವರೂ ಅದರಲ್ಲಿ ಬರುತ್ತಾರೆ ಅಂತ ಗೊತ್ತಾಗುವ ಹೊತ್ತಿಗೆ ನವೆಂಬರ್ ಬಂದಿತ್ತು. ಅಲ್ಲಿಯವರೆಗಿನ ಕೆಲವು ರಸೀದಿ ಕಳೆದಿದ್ದೆ. ಇದು ಕೊನೆಗೆ ಕೈ ಹಿಡಿಯುವ ಯೋಜನೆ. ಮೊದಲು ಇನ್ಶೂರೆನ್ಸ್‌ಗೆ ಬಿಲ್ ಹೋಗಬೇಕು, ಅವರು ಎಷ್ಟು ಕೊಟ್ಟರು, ಎಷ್ಟು ಕೊಡಲಿಲ್ಲ ಅನ್ನುವ ಕಾಗದ ಬೇಕು, ಆಮೇಲೆ ಉಳಿದದ್ದಕ್ಕೆ ಇವರು. ನಾನು ಫಾರಂನಲ್ಲಿ "ಗಾಯದ ವಿವರ" ಅನ್ನುವ ಜಾಗ ಖಾಲಿ ಬಿಟ್ಟಿದ್ದೆ, ನಮಗೇನೂ ಆಗಿಲ್ಲವಲ್ಲ ಅಂತ. ಅರ್ಜಿ ಅಲ್ಲಿಗೇ ನಿಂತಿತು. ಥೆರಪಿಸ್ಟ್ ಕೊಟ್ಟ ರೋಗದ ಹೆಸರನ್ನು ಅಲ್ಲಿ ಬರೆಯಬೇಕಿತ್ತು. ನಾವು ಆ ದಿನ ಅಲ್ಲಿದ್ದೆವು ಅನ್ನುವುದಕ್ಕೆ ಪುರಾವೆಯಾಗಿ ಚೀಲ ವಾಪಸು ಕೊಟ್ಟಾಗಿನ ಕಾಗದ, ಬೆಳಿಗ್ಗೆ 9:50ಕ್ಕೆ ಅಮ್ಮ ಮತ್ತು ಮಗ ಕುರ್ಚಿಯಲ್ಲಿ ಕುಳಿತ ಫೋಟೋ ಎರಡನ್ನೂ ಲಗತ್ತಿಸಿದೆ. ಆ ಫೋಟೋ ಅಳಿಸಬೇಕು ಅಂತ ಎಷ್ಟು ಸಲ ಅನ್ನಿಸಿತ್ತೋ. ಅಳಿಸಬೇಡಿ. ನೋಡಲು ಆಗದಿದ್ದರೆ ಬೇರೆಯವರಿಗೆ ಕಳಿಸಿ ಇಟ್ಟುಕೊಳ್ಳಿ.

ನಾವು ಯಾವ ವೀಸಾದಲ್ಲಿದ್ದೇವೆ ಅಂತ ಯಾವ ಹಂತದಲ್ಲೂ ಯಾರೂ ಕೇಳಲಿಲ್ಲ. ಅರ್ಜಿ ಹಾಕಿದರೆ ಗ್ರೀನ್ ಕಾರ್ಡ್‌ಗೆ ತೊಂದರೆ ಆದೀತೇನೋ ಅಂತ ನಮ್ಮ ಯಜಮಾನರು ಎರಡು ವಾರ ಹಿಂದೆಮುಂದೆ ನೋಡಿದ್ದರು. ಅದೇ ಭಯ ಇರುವವರಿಗಾಗಿ ಬರೆದೆ.

ಸೆಪ್ಟೆಂಬರ್‌ನಲ್ಲಿ ಮಗನ ಶಾಲೆಯಿಂದ ಕಾಗದ ಬಂತು. ಬಂದೂಕು ಹಿಡಿದವನು ಬಂದರೆ ಮಕ್ಕಳು ಏನು ಮಾಡಬೇಕು ಅನ್ನುವ ಅಭ್ಯಾಸ ಮಾಡಿಸುತ್ತಾರಂತೆ. ಇಲಿನಾಯ್‌ನಲ್ಲಿ ಇದು ಪ್ರತಿ ವರ್ಷ ಇರುತ್ತದೆ. ಕಾಗದ ಓದಿ ನನಗೇ ಬೆವರು ಬಂತು. ಶಾಲೆಯವರು ಇದನ್ನು ಪಾಲಕರಿಗೆ ಮುಂಚಿತವಾಗಿ ತಿಳಿಸಬೇಕು, ನಮ್ಮ ಮಗು ಬೇಡ ಅನ್ನುವ ಅವಕಾಶವೂ ಇದೆ. ಆ ವರ್ಷ ಬೇಡ ಅಂದೆವು. ಮರುವರ್ಷ ಅವನೇ "ನಾನೂ ಇರ್ತೀನಿ" ಅಂದ.

ಅಷ್ಟರಲ್ಲಿ ಅಮ್ಮ ಮೈಸೂರಿಗೆ ಹೋಗಿದ್ದರು. ಮನೆಗೆ ಹೋದರೆ ಸರಿಹೋಗುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಅವರ ಮನೆಯಿಂದ ಅರಮನೆ ದೂರ ಇಲ್ಲ. ದಸರಾ ಹತ್ತಿರ ಬಂದಾಗ ಆನೆ, ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ನಡೆಯುತ್ತದಲ್ಲ, ಫಿರಂಗಿ ಸದ್ದಿಗೆ ಬೆದರದಿರಲಿ ಅಂತ. ಮೊದಲ ಸದ್ದಿಗೆ ಅಮ್ಮ ದೇವರಮನೆಯಲ್ಲಿ ಕುಸಿದು ಕುಳಿತರಂತೆ. ಅಣ್ಣ ಫೋನ್ ಮಾಡಿದಾಗ ಇಲ್ಲಿ ನಡುರಾತ್ರಿ. ಆ ವರ್ಷ ಜಂಬೂ ಸವಾರಿ ಅಕ್ಟೋಬರ್ 5ಕ್ಕೆ. ಎರಡು ದಿನ ಮುಂಚೆಯೇ ಅಮ್ಮನನ್ನು ಅಣ್ಣ ಹಾಸನದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದ. ನನಗೆ ನೆನಪಿರುವ ಹಾಗೆ ಅಮ್ಮ ಇಲ್ಲದ ಮೊದಲ ದಸರಾ ಅದು.

ಅದೇ ತಿಂಗಳು 10ಕ್ಕೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು. ನಂಬರ್ 14416, ಉಚಿತ, ಕನ್ನಡದಲ್ಲಿ ಮಾತಾಡಬಹುದು. ದೇಶಕ್ಕೆಲ್ಲ ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಅಣ್ಣ ಮೊದಲು ಒಪ್ಪಲಿಲ್ಲ, "ಅಮ್ಮನಿಗೆ ಹುಚ್ಚಾ?" ಅಂದ. ಅಮ್ಮನೇ ಫೋನ್ ತೆಗೆದುಕೊಂಡರು. ಅಲ್ಲಿನ ಹುಡುಗಿ "ಅಮ್ಮಾ, ಊಟ ಆಯ್ತಾ?" ಅಂತ ಶುರುಮಾಡಿದಳಂತೆ. ಆ ಒಂದು ಮಾತಿಗೆ ಅಮ್ಮ ಅತ್ತುಬಿಟ್ಟರು. ಅವರೇ ಮೈಸೂರಿನಲ್ಲಿ ಮನೋವೈದ್ಯರನ್ನು ನೋಡಲು ದಾರಿ ತೋರಿಸಿದರು. ಆರು ತಿಂಗಳು ಮಾತ್ರೆ, ಜೊತೆಗೆ ಹದಿನೈದು ದಿನಕ್ಕೊಮ್ಮೆ ಮಾತುಕತೆ. ಇಲ್ಲಿ ಮಗನ ಒಂದು ಭೇಟಿಗೆ ಕೊಟ್ಟ ದುಡ್ಡಿನಲ್ಲಿ ಅಲ್ಲಿ ಅಮ್ಮನ ಪೂರ್ತಿ ಚಿಕಿತ್ಸೆಯೇ ಮುಗಿಯಿತು ಅನ್ನಬಹುದು.

ಡಾಕ್ಟರು ಹೆದರಿಕೆಯ ಸದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೇಳಿಸಿಕೊಂಡು ಅಭ್ಯಾಸ ಮಾಡಬೇಕು ಅಂದಾಗ ಅಮ್ಮ ಹೇಳಿದ್ದು ಇದು: "ಆನೆಗಳಿಗೆ ಕೊಡ್ತಾರಲ್ಲ, ಅದೇ ತಾಲೀಮು ತಾನೇ?" ಡಾಕ್ಟರು ಹೌದು ಅಂದರಂತೆ. ಅಣ್ಣನ ಫೋನಿನಲ್ಲಿ ಫಿರಂಗಿ ಸದ್ದು ಹಾಕಿಕೊಂಡು, ಮೊದಲು ತೀರ ಸಣ್ಣಗೆ, ಆಮೇಲೆ ವಾರವಾರ ಒಂದೊಂದು ಗೀಟು ಜಾಸ್ತಿ. ಸುಮ್ನೆ ನೀವೇ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಡಾಕ್ಟರ ಜೊತೆ ಮಾತಾಡಿಯೇ ಮಾಡಿ. ಅಮ್ಮ ಎರಡು ಸಲ ಮಧ್ಯೆ ಬಿಟ್ಟಿದ್ದರು, ಬಿಪಿ ಏರಿತ್ತು.

ಇತ್ತ ಹೈಲ್ಯಾಂಡ್ ಪಾರ್ಕ್ ಕೂಡ ಒಂದು ಥರ ತಾಲೀಮಿನಲ್ಲೇ ಇತ್ತು. 2023ರ ಜುಲೈ 4ಕ್ಕೆ ಮೆರವಣಿಗೆ ಇಡಲಿಲ್ಲ. ಜನ ಅದೇ ರಸ್ತೆಯಲ್ಲಿ ಒಟ್ಟಿಗೆ ನಡೆದರು ಅಷ್ಟೆ. ನಾವೂ ನಡೆದೆವು. ಕುಳಿತಿದ್ದ ಜಾಗ ಬಂದಾಗ ಕಾಲು ಏಳಲಿಲ್ಲ. ಹಿಂದಿನಿಂದ ಯಾರೋ ಬೆನ್ನ ಮೇಲೆ ಕೈ ಇಟ್ಟರು, ಯಾರು ಅಂತ ತಿರುಗಿ ನೋಡಲೂ ಇಲ್ಲ. ರಾತ್ರಿ ಪಟಾಕಿ ಬದಲು ಸದ್ದಿಲ್ಲದ ಡ್ರೋನ್ ದೀಪಗಳು. ಇದನ್ನು ಯೋಚಿಸಿದವರಿಗೆ ನಾನು ಯಾವತ್ತೂ ಋಣಿ. 2024ರಲ್ಲಿ ಮೆರವಣಿಗೆ ಮತ್ತೆ ಶುರುವಾಯಿತು, ದಾರಿ ಬೇರೆ. ಆ ಸಲ ನಮಗೆ ಹೋಗಲು ಆಗಲಿಲ್ಲ. ಹೋಗದವರು ಬಹಳ ಮಂದಿ ಇದ್ದರು. ಯಾರೂ ಯಾರನ್ನೂ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ.

ನಮ್ಮ ಕನ್ನಡದ ಜನ ಏನು ಮಾಡಬಹುದು ಅಂತ ಆಮೇಲೆ ಕೆಲವರು ಕೇಳಿದರು. ನಮಗೆ ಉಪಯೋಗ ಆದದ್ದನ್ನು ಹೇಳುತ್ತೇನೆ. ಒಬ್ಬ ಗೆಳತಿ ಹೇಳದೆ ಕೇಳದೆ ಬಂದು ಬಿಸಿಬೇಳೆಬಾತ್ ಇಟ್ಟು, ಸಿಂಕಿನ ಪಾತ್ರೆ ತೊಳೆದು, ಏನಾಯಿತು ಅಂತ ಒಂದು ಮಾತೂ ಕೇಳದೆ ಹೋದಳು. ವಾರಕ್ಕೊಮ್ಮೆ ಹೀಗೇ, ಎರಡು ತಿಂಗಳು. ಇನ್ನೊಂದು ಕಡೆ ವಾಟ್ಸಾಪ್ ಗುಂಪಿನಲ್ಲಿ ಗುಂಡಿನ ಸದ್ದಿರುವ ವಿಡಿಯೋ ಸುತ್ತುತ್ತಲೇ ಇತ್ತು. ಕಳಿಸಿದವರಿಗೆ ಕೆಟ್ಟ ಮನಸ್ಸಿಲ್ಲ. ಆದರೆ ಅಮ್ಮ ಅದನ್ನು ಒತ್ತಿದರು, ಮೂರು ದಿನ ಮಲಗಲಿಲ್ಲ. ದಯವಿಟ್ಟು ಕಳಿಸಬೇಡಿ.

2025ರ ಮಾರ್ಚ್ 3ರಂದು ವಿಚಾರಣೆ ಶುರುವಾಗಬೇಕಿತ್ತು. ಅವತ್ತೇ ಗುಂಡು ಹಾರಿಸಿದವನು ತಪ್ಪು ಒಪ್ಪಿಕೊಂಡ. ಏಪ್ರಿಲ್ 24ರಂದು ವಾಕೀಗನ್ ಕೋರ್ಟಿನಲ್ಲಿ ಶಿಕ್ಷೆ: ಸತ್ತ ಏಳು ಜನಕ್ಕೆ ಏಳು ಜೀವಾವಧಿ, ಬಿಡುಗಡೆ ಇಲ್ಲ. ಗಾಯಗೊಂಡ 48 ಜನರ ಲೆಕ್ಕಕ್ಕೆ ಒಂದೊಂದಕ್ಕೂ 50 ವರ್ಷ. ಹಿಂದಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಅವನು ಕೋರ್ಟಿಗೇ ಬರಲಿಲ್ಲ. ಕಳೆದುಕೊಂಡವರು, ಗಾಯ ಆದವರು ಒಬ್ಬೊಬ್ಬರಾಗಿ ಎದ್ದು ಖಾಲಿ ಕುರ್ಚಿಯ ಮುಂದೆ ಓದಿದರು. ನಾನು ಓದಲಿಲ್ಲ, ಕೇಳಿಸಿಕೊಂಡೆ. ಊಟದ ಬಿಡುವಿನಲ್ಲಿ ಒಬ್ಬರು "ನೀವು ಯಾರ ಕಡೆಯವರು?" ಅಂತ ಕೇಳಿದರು. ಮೊದಲ ಸಲ ತಡವರಿಸದೆ ಹೇಳಿದೆ, ನಾನೂ ಅಲ್ಲಿದ್ದೆ ಅಂತ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

2025ರ ಅಕ್ಟೋಬರ್ 2ರಂದು ವಿಜಯದಶಮಿ. ಇಲ್ಲಿ ಬೆಳಗಿನ ಜಾವ. ಅಮ್ಮ ವಿಡಿಯೋ ಕರೆ ಮಾಡಿದರು. ಸಯ್ಯಾಜಿರಾವ್ ರಸ್ತೆಗೆ ಹೋಗಿರಲಿಲ್ಲ, ಮನೆಯ ಮಹಡಿ ಮೇಲೆ ಚಾಪೆ ಹಾಸಿಕೊಂಡು ಅಣ್ಣನ ಜೊತೆ ಕುಳಿತಿದ್ದರು. ಮಗ ಶಾಲೆಯ ಬಟ್ಟೆ ಹಾಕಿಕೊಳ್ಳುತ್ತಾ ಬಂದು ನನ್ನ ತೊಡೆ ಮೇಲೆ ಕೂತ. ಚಿನ್ನದ ಅಂಬಾರಿಗೆ ಪುಷ್ಪಾರ್ಚನೆ ಆಗಿ ಕುಶಾಲತೋಪು ಶುರುವಾಯಿತು. ಅಮ್ಮ ಕಣ್ಣು ಮುಚ್ಚಿ ಅಣ್ಣನ ಮೊಣಕೈ ಹಿಡಿದುಕೊಂಡರು. ಮಗ ಈ ಕಡೆಯಿಂದ ಜೋರಾಗಿ ಎಣಿಸತೊಡಗಿದ, ಒಂದು, ಎರಡು, ಮೂರು. ಏಳಕ್ಕೋ ಎಂಟಕ್ಕೋ ಅಮ್ಮನೂ ಸೇರಿಕೊಂಡರು. ಇಪ್ಪತ್ತೊಂದಕ್ಕೆ ಕಣ್ಣು ಬಿಟ್ಟು, "ಮುಗೀತಲ್ಲ ಪುಟ್ಟಾ, ಹೋಗು, ಬಸ್ಸಿಗೆ ಹೊತ್ತಾಯ್ತು" ಅಂದರು.